ಹಿಟ್ಟಿನ ವೃತ್ತ, ತಾಮ್ರದ ಗೆರೆ

ಹೊಳೆಯಂಚಿಗೆ ಬಗ್ಗಿ ಬೆರಳದ್ದಿ ನಾಲಿಗೆಗೆ ತಾಗಿಸಿ ನೋಡಿದೆ. ಸಿಹಿಯಲ್ಲ. ಹಾಗಂತ ಕಡಲಿನ ಉಪ್ಪೂ ಅಲ್ಲ. ಸವುಳು.

"ಪರದೇಶದ ನೀರು ರೀ, ಕಂಡಲ್ಲೆಲ್ಲ ಬಾಯಿಗೆ ಹಾಕ್ಕೊಳ್ಬೇಡಿ" ಎಂದು ಹಿಂದಿನಿಂದ ಹೆಂಡತಿ ಗದರಿದಳು. ಅಂಕೋಲೆಯ ಕಡೆ ಹುಟ್ಟಿ ಬೆಳೆದವನಿಗೆ ಇದು ಬಿಡಲಾಗದ ಅಭ್ಯಾಸ. ಏಪ್ರಿಲ್ ಕಳೆಯುತ್ತ ಬಂದಂತೆ ನಮ್ಮ ಬಾವಿಗಳ ನೀರು ಯಾವತ್ತು ಕೆಡುತ್ತದೆ ಎಂಬುದನ್ನು ನಾಲಿಗೆಯೇ ಹೇಳಬೇಕು. ಹೊಳೆ ಕಡಲನ್ನು ಸೇರುವ ಜಾಗದಲ್ಲಿ ಬದುಕುವವರಿಗೆ ನೀರು ಯಾವ ತಿಂಗಳಲ್ಲಿ ಯಾರ ಪಾಲು ಎಂಬುದು ಗೊತ್ತಿರಬೇಕು. ಅದು ಗೊತ್ತಿದ್ದವರೇ ಗಜನಿ ಎಂಬ ಸವುಳು ತಗ್ಗುಗದ್ದೆಗೆ ಕಟ್ಟೆ ಹಾಕಿ, ಉಪ್ಪು ತಡೆಯುವ ಕಗ್ಗ ಭತ್ತ ಬಿತ್ತಿ ಉಂಡವರು.

ನಾನು ಬಗ್ಗಿ ನಿಂತಿದ್ದು ಅಮೆರಿಕದ ವರ್ಜೀನಿಯಾದಲ್ಲಿ, ಜೇಮ್ಸ್ ನದಿಯ ದಂಡೆಯಲ್ಲಿ. 1607ರ ಮೇ ತಿಂಗಳಲ್ಲಿ ಮೂರು ಸಣ್ಣ ಹಡಗುಗಳಲ್ಲಿ ಬಂದ ನೂರಾ ನಾಲ್ಕು ಇಂಗ್ಲಿಷ್ ಗಂಡಸರು ಮತ್ತು ಹುಡುಗರು ಇಳಿದದ್ದು ಇಲ್ಲೇ. ಅಮೆರಿಕದಲ್ಲಿ ಬೇರು ಬಿಟ್ಟ ಮೊದಲ ಇಂಗ್ಲಿಷ್ ವಸಾಹತು ಜೇಮ್ಸ್‌ಟೌನ್. ಜಾಗ ಆರಿಸುವಾಗ ಅವರು ನೋಡಿದ್ದು ಎರಡನ್ನು. ದಂಡೆಯ ಬುಡದಲ್ಲೇ ನೀರು ಆಳವಿತ್ತು, ಹಡಗನ್ನು ಮರಕ್ಕೇ ಕಟ್ಟಬಹುದಿತ್ತು. ಸ್ಪೇನಿನವರು ಬಂದರೆ ದೂರದಿಂದಲೇ ಕಾಣುವಂತಿತ್ತು. ಅಲ್ಲಿ ಯಾರೂ ವಾಸವಿರಲಿಲ್ಲ ಎಂಬುದೂ ಅವರಿಗೆ ಅನುಕೂಲವಾಗಿ ಕಂಡಿತು. ಸುತ್ತಲಿನ ಪಾಸ್ಪಹೆ ಜನ ಆ ತಗ್ಗು ಜೌಗಿನಲ್ಲಿ ಏಕೆ ಮನೆ ಕಟ್ಟಿಲ್ಲ ಎಂದು ಅವರು ಕೇಳಲಿಲ್ಲ. ಬೇಸಗೆ ಬಂತು, ಹೊಳೆ ಇಳಿಯಿತು, ಉಪ್ಪು ಮೇಲೇರಿತು. ಅದೇ ನೀರನ್ನು ಕುಡಿದರು. ಸೆಪ್ಟೆಂಬರ್ ಹೊತ್ತಿಗೆ ಅರ್ಧಕ್ಕರ್ಧ ಜನ ಜ್ವರ, ಭೇದಿ, ಬಾವುಗಳಿಂದ ಸತ್ತಿದ್ದರು.

ಅವರು ಬಂದ ಕಾಲವೂ ಕೆಟ್ಟದ್ದೇ. ಇಲ್ಲಿನ ಜೌಗಿನಲ್ಲಿ ಬೆಳೆಯುವ ಸೈಪ್ರೆಸ್ ಎಂಬ ದೀರ್ಘಾಯುಷಿ ಮರಗಳ ಬಳೆಗಳನ್ನು ಎಣಿಸಿದ ವಿಜ್ಞಾನಿಗಳು 1998ರಲ್ಲಿ ಒಂದು ಸಂಗತಿಯನ್ನು ಕಂಡುಕೊಂಡರು. 1606ರಿಂದ 1612ರವರೆಗಿನ ಏಳು ವರ್ಷ ಇಲ್ಲಿ ಬಿದ್ದ ಬರ, ಏಳುನೂರ ಎಪ್ಪತ್ತು ವರ್ಷಗಳಲ್ಲೇ ಅತಿ ಕಠೋರವಾದದ್ದು. ಬಂದವರಿಗೂ ಅನ್ನವಿರಲಿಲ್ಲ, ಇದ್ದವರಿಗೂ ಇರಲಿಲ್ಲ. ಮುಂದೆ ನಡೆದ ಎಲ್ಲದರ ಕೆಳಗೂ ಈ ಬರ ಇದೆ. ನನಗೆ ಇದನ್ನು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ, ಮೂವತ್ತು ವರ್ಷ ಭೂಗೋಳ ಕಲಿಸಿದ ನಾನೂ ಯಾರಿಗೂ ಹೇಳಿರಲಿಲ್ಲ.

ಮಗ ರಿಚ್ಮಂಡ್‌ನಲ್ಲಿದ್ದಾನೆ. ಅಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ಮೊಮ್ಮಗಳಿಗೆ ಈಗ ಹನ್ನೊಂದು. "ಅಜ್ಜಾ, ಪೋಕಾಹಾಂಟಸ್ ಊರು" ಎಂದು ಅವಳೇ ಹೊರಡಿಸಿದ್ದಳು. ನನಗೆ ನೋಡಬೇಕಿದ್ದದ್ದು ಇನ್ನೊಬ್ಬನನ್ನು.

ಅವನು ನದಿಗೆ ಮುಖ ಮಾಡಿ ಎತ್ತರದ ಪೀಠದ ಮೇಲೆ ನಿಂತಿದ್ದಾನೆ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಕತ್ತಿಯ ಹಿಡಿಯ ಮೇಲೆ. ಕ್ಯಾಪ್ಟನ್ ಜಾನ್ ಸ್ಮಿತ್. ಕಂಚಿನ ಈ ಪ್ರತಿಮೆ 1909ರದ್ದು. ಅವನು ಇಲ್ಲಿ ಇದ್ದದ್ದು ಎಲ್ಲ ಸೇರಿ ಎರಡೂವರೆ ವರ್ಷ. 1609ರ ಅಕ್ಟೋಬರಿನಲ್ಲಿ ಹೋದವನು ಮತ್ತೆ ವರ್ಜೀನಿಯಾಕ್ಕೆ ಕಾಲಿಡಲಿಲ್ಲ. ಆದರೂ ಈ ನೆಲದ ಮೊದಲ ಕತೆಗಳೆಲ್ಲ ಅವನ ಬಾಯಿಂದಲೇ ಲೋಕಕ್ಕೆ ಗೊತ್ತಾದವು.

ಲಿಂಕನ್‌ಶೈರಿನ ವಿಲೋಬಿ ಎಂಬ ಹಳ್ಳಿಯ ರೈತನ ಮಗ. 1580ರ ಜನವರಿಯಲ್ಲಿ ಅವನ ದೀಕ್ಷಾಸ್ನಾನ ಆಯಿತು. ಹದಿನಾರರ ಹೊತ್ತಿಗೆ ತಂದೆ ತೀರಿಕೊಂಡ. ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಕಲಿಯಲು ಬಿಟ್ಟಿದ್ದ ಹುಡುಗ ಅದನ್ನು ತೊರೆದು ಸಿಪಾಯಿಯಾದ. ಡಚ್ಚರ ನಾಡಿನಲ್ಲಿ ಕಾದಾಡಿದ. ಆಮೇಲೆ ಹಂಗೇರಿ, ಟ್ರಾನ್ಸಿಲ್ವೇನಿಯಾದ ಕಡೆ ತುರ್ಕರ ವಿರುದ್ಧ. ಮೂವರು ತುರ್ಕರನ್ನು ಒಬ್ಬೊಬ್ಬರಾಗಿ ದ್ವಂದ್ವದಲ್ಲಿ ಕೆಡವಿ ತಲೆ ಕಡಿದೆ ಎಂದು ಬರೆದುಕೊಂಡಿದ್ದಾನೆ. ಅವನ ಲಾಂಛನದಲ್ಲಿ ಆ ಮೂರು ತಲೆಗಳಿವೆ. 1602ರಲ್ಲಿ ಗಾಯಗೊಂಡು ಸೆರೆಸಿಕ್ಕು ಗುಲಾಮನಾಗಿ ಮಾರಾಟವಾದ. ಕೊರಳಿಗೆ ಕಬ್ಬಿಣದ ಬಳೆ, ಬೋಳಿಸಿದ ತಲೆ. ಕೊನೆಗೆ ಒಂದು ದಿನ ಕಣದಲ್ಲಿ ಒಕ್ಕಣೆ ಮಾಡುತ್ತಿದ್ದಾಗ ಬಡಿದ ಒಡೆಯನನ್ನು ಒಕ್ಕುವ ಕೋಲಿನಿಂದಲೇ ಹೊಡೆದು ಕೊಂದು, ಅವನ ಬಟ್ಟೆ ತೊಟ್ಟು, ಅವನ ಕುದುರೆ ಏರಿ ರಷ್ಯಾದ ಕಡೆಗೆ ಓಡಿದ. ಇದೆಲ್ಲ ಕಟ್ಟುಕತೆ ಎಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ತಳ್ಳಿಹಾಕಿದ್ದರು. ಇಪ್ಪತ್ತನೆಯ ಶತಮಾನದ ನಡುವೆ ಲಾರಾ ಪೊಲಾನ್ಯಿ ಸ್ಟ್ರೈಕರ್ ಎಂಬ ಹಂಗೇರಿ ಮೂಲದ ವಿದುಷಿ ಅಲ್ಲಿನ ದಾಖಲೆಗಳನ್ನು ಹುಡುಕಿ, ಅವನು ಹೇಳಿದ ಯುದ್ಧಗಳೂ ಊರುಗಳೂ ಬಹುಪಾಲು ತಾಳೆಯಾಗುತ್ತವೆ ಎಂದು ತೋರಿಸಿದರು.

ವರ್ಜೀನಿಯಾಕ್ಕೆ ಬರುವ ಹಡಗಿನಲ್ಲೇ ದಂಗೆಯ ಆರೋಪದ ಮೇಲೆ ಅವನನ್ನು ಬಂಧಿಸಿದ್ದರು. ಕುಲೀನರ ನಡುವೆ ರೈತನ ಮಗ ದನಿ ಎತ್ತಿದ್ದು ಸಹನೆಯಾಗಿರಲಿಕ್ಕಿಲ್ಲ. ನೆವಿಸ್ ದ್ವೀಪದಲ್ಲಿ ತನಗಾಗಿ ಗಲ್ಲುಮರವನ್ನೂ ನಿಲ್ಲಿಸಿದ್ದರು ಎಂದು ಅವನೇ ಹೇಳುತ್ತಾನೆ. ದಡ ಮುಟ್ಟಿದ ಮೇಲೆ ಲಂಡನ್ನಿನ ಕಂಪನಿ ಮೊಹರು ಹಾಕಿ ಕಳಿಸಿದ್ದ ಪೆಟ್ಟಿಗೆ ಒಡೆದು ನೋಡಿದರೆ, ವಸಾಹತನ್ನು ಆಳಬೇಕಾದ ಏಳು ಜನರ ಪಟ್ಟಿಯಲ್ಲಿ ಅವನ ಹೆಸರೂ ಇತ್ತು.

ಅಂಗಡಿಯಲ್ಲಿ ನಾನು ಅವನ ನಕಾಶೆಯ ಪ್ರತಿಯೊಂದನ್ನು ಕೊಂಡೆ. ಹೊರಗೆ ಮರದ ಕೆಳಗಿನ ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಬುತ್ತಿಯ ಡಬ್ಬಿಗಳನ್ನು ಇಟ್ಟೆವು. 1612ರಲ್ಲಿ ಅಚ್ಚಾದ ನಕಾಶೆ. ವಿಲಿಯಂ ಹೋಲ್ ಎಂಬಾತ ತಾಮ್ರದ ತಗಡಿನ ಮೇಲೆ ಕೊರೆದದ್ದು. ಅದರಲ್ಲಿ ಪಶ್ಚಿಮ ಮೇಲಿದೆ, ಉತ್ತರ ಬಲಕ್ಕೆ. ಕಡಲಿನಿಂದ ಬಂದವನ ಕಣ್ಣಿಗೆ ನೆಲ ಹೇಗೆ ಎದುರಾಯಿತೋ ಹಾಗೆ. ಎಡಗಡೆ ಮೇಲೆ ಉದ್ದನೆಯ ಮನೆಯೊಳಗೆ ರಾಜ ಪೌಹಟನ್ ಕೊಳವೆ ಸೇದುತ್ತ ಕುಳಿತಿದ್ದಾನೆ. ಬಲಗಡೆ ಬಿಲ್ಲು ಹಿಡಿದ ಆಜಾನುಬಾಹು ಸಸ್ಕ್ವೆಹಾನಕ್ ಯೋಧ. ನಡುವೆ ಚೆಸಾಪೀಕ್ ಕೊಲ್ಲಿ, ಅದಕ್ಕೆ ಬಂದು ಸೇರುವ ನದಿಗಳು, ನದಿಗಳ ಎರಡೂ ದಂಡೆಗೆ ಇರುವೆ ಸಾಲಿನ ಹಾಗೆ ಊರುಗಳು. ಸುಮಾರು ಇನ್ನೂರು ಊರು. ಒಡೆಯ ಇರುವ ಊರಿಗೆ ಒಂದು ಗುರುತು, ಸಾಮಾನ್ಯ ಊರಿಗೆ ಇನ್ನೊಂದು.

"ಇದೇನು ಅಜ್ಜಾ, ಪ್ಲಸ್?" ಎಂದು ಮೊಮ್ಮಗಳು ಬೆರಳಿಟ್ಟಳು. ನದಿಗಳ ಮೇಲ್ತುದಿಯಲ್ಲಿ, ಒಂದೊಂದು ನದಿಗೂ ಒಂದೊಂದು, ಸಣ್ಣ ಶಿಲುಬೆಯ ಗುರುತು.

ನಾನು ಇಷ್ಟು ದೂರ ಬಂದದ್ದೇ ಅದಕ್ಕಾಗಿ. ಗುರುತಿನ ಅರ್ಥವನ್ನು ನಕಾಶೆಯ ಮೂಲೆಯಲ್ಲೇ ಸ್ಮಿತ್ ಬರೆದಿದ್ದಾನೆ. ಶಿಲುಬೆಯವರೆಗೆ ತಾನೇ ಹೋಗಿ ನೋಡಿದ್ದು. ಅದರಾಚೆಗಿನದು ಇಲ್ಲಿನ ಜನ ಹೇಳಿದ್ದು. ಆ ಕಾಲದ ನಕಾಶೆಗಾರರು ಗೊತ್ತಿಲ್ಲದ ಕಡೆ ಆನೆ ಬರೆಯುತ್ತಿದ್ದರು, ರಾಕ್ಷಸರನ್ನು ಬರೆಯುತ್ತಿದ್ದರು, ಇಲ್ಲದ ಸಮುದ್ರವನ್ನೇ ಬರೆಯುತ್ತಿದ್ದರು. ಇವನು ಹೀಗೆ ಗೆರೆ ಹಾಕಿ, ಇಲ್ಲಿಗೆ ನನ್ನ ಕಣ್ಣು ಮುಗಿಯಿತು, ಇನ್ನು ಮುಂದಿನದು ಇನ್ನೊಬ್ಬರ ಮಾತು ಎಂದ. ಆ ಮಾತನ್ನೂ ಬಿಡದೆ ದಾಖಲಿಸಿದ.

ಸುಮಾರು ನಲವತ್ತು ವರ್ಷದ ಹಿಂದಿನ ಮಾತು. ಏಳನೆಯ ತರಗತಿಯ ಮಕ್ಕಳಿಗೆ ತಮ್ಮ ತಮ್ಮ ಊರಿನ ನಕಾಶೆ ಬರೆದು ತರಲು ಹೇಳಿದ್ದೆ. ಮೀನುಗಾರರಾದ ಹರಿಕಂತ್ರರ ಹುಡುಗನೊಬ್ಬ ತನ್ನ ಊರಿನ ದಂಡೆ, ದೋಣಿ ಎಳೆಯುವ ಜಾಗ, ದೇವಸ್ಥಾನ ಎಲ್ಲ ಬರೆದು, ಕಡಲಿನೊಳಗೆ ಚುಕ್ಕಿ ಚುಕ್ಕಿಯಾಗಿ ನಾಲ್ಕೈದು ಆಕಾರಗಳನ್ನು ಮಾಡಿದ್ದ. ಏನಿದು ಎಂದು ಕೇಳಿದೆ. "ನೀರಿನಡಿಯ ಕಲ್ಲು ಸರ್. ನಾ ನೋಡಿಲ್ಲ, ಅಪ್ಪ ಹೇಳಿದ್ದು. ಅದ್ಕೇ ಚುಕ್ಕಿ." ನೋಡದ್ದನ್ನು ಬರೆಯಬಾರದು ಎಂದು ಹೇಳಿ ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದೆ. ಅವನು ಮರುಮಾತಾಡಲಿಲ್ಲ. ಸ್ಮಿತ್‌ನ ನಕಾಶೆಯನ್ನು ಮೊದಲ ಸಲ ಪುಸ್ತಕದಲ್ಲಿ ಕಂಡ ದಿನ ನೆನಪಾದದ್ದು ಆ ಹುಡುಗನ ಮುಖ. ಬಲೆ ಹರಿಯುವ ಕಲ್ಲು ಎಲ್ಲಿದೆ ಎಂಬ ಅಪ್ಪನ ತಿಳಿವಳಿಕೆಯನ್ನು ಆ ಹುಡುಗ ಎಷ್ಟು ನಿಯತ್ತಿನಿಂದ ಚುಕ್ಕಿಯಲ್ಲಿಟ್ಟಿದ್ದ! ನಾನು ಅಳಿಸಿದ್ದು ತಪ್ಪನ್ನಲ್ಲ.

ನಕಾಶೆಗಾಗಿ ಸ್ಮಿತ್ ಓಡಾಡಿದ್ದು 1608ರ ಬೇಸಗೆಯಲ್ಲಿ. ಮೂವತ್ತಡಿಯ ತೆರೆದ ದೋಣಿ, ಹನ್ನೆರಡು ಹದಿನಾಲ್ಕು ಜನ, ಎರಡು ಸುತ್ತು. ಸುಮಾರು ಮೂರು ಸಾವಿರ ಮೈಲಿ ತಿರುಗಿದೆ ಎಂದು ಅವನ ಲೆಕ್ಕ. ಹುಡುಕಲು ಹೇಳಿದ್ದು ಚಿನ್ನವನ್ನು, ಪೂರ್ವದೇಶಗಳ ಕಡಲಿಗೆ ದಾರಿಯನ್ನು. ಎರಡೂ ಸಿಗಲಿಲ್ಲ. ರಾಪಹಾನಕ್ ನದಿಯ ಬಾಯಿಯಲ್ಲಿ ಇಳಿತದ ಹೊತ್ತಿಗೆ ತೆಳುನೀರಿನಲ್ಲಿ ನಿಂತು ಕತ್ತಿಯ ಮೊನೆಯಿಂದ ಮೀನು ಚುಚ್ಚುತ್ತಿದ್ದಾಗ ಒಂದು ತೊರಕೆ ತನ್ನ ಬಾಲದ ಮುಳ್ಳನ್ನು ಅವನ ಮಣಿಕಟ್ಟಿಗೆ ಇಳಿಸಿತು. ತೊರಕೆಯ ಮುಳ್ಳು ಎಂದರೆ ಏನೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈ, ಭುಜ, ಎದೆ ಊದಿಕೊಂಡಿತು. ಬದುಕಲಾರೆ ಎಂದುಕೊಂಡು ತನ್ನ ಗೋರಿಯ ಜಾಗವನ್ನು ತಾನೇ ತೋರಿಸಿದ, ಜೊತೆಯವರು ತೋಡಿಯೂ ಬಿಟ್ಟರು. ವೈದ್ಯ ಏನೋ ಎಣ್ಣೆ ಹಚ್ಚಿದ. ಸಂಜೆಯ ಹೊತ್ತಿಗೆ ನೋವು ಇಳಿದು, ರಾತ್ರಿ ಅದೇ ಮೀನನ್ನು ತಿಂದ. ಆ ಜಾಗಕ್ಕೆ ಇವತ್ತಿಗೂ ಸ್ಟಿಂಗ್‌ರೇ ಪಾಯಿಂಟ್ ಎಂದೇ ಹೆಸರು. ಹೀಗೆ ಮೈಯಲ್ಲಿ ವಿಷ ಹೊತ್ತು ಮಾಡಿದ ನಕಾಶೆ, 1673ರಲ್ಲಿ ಆಗಸ್ಟೀನ್ ಹರ್ಮನ್‌ನದು ಬರುವವರೆಗೆ ಅರವತ್ತು ವರ್ಷ ಈ ಕೊಲ್ಲಿಗೆ ಮುಖ್ಯ ಆಧಾರವಾಗಿತ್ತು.

ಮೊಮ್ಮಗಳಿಗೆ ಮೀನಿನ ಕತೆ ಹಿಡಿಸಿತು. ಆದರೆ ಅವಳ ಕಣ್ಣು ಆಚೆಯ ಇನ್ನೊಂದು ಪ್ರತಿಮೆಯ ಮೇಲಿತ್ತು. ಪೋಕಾಹಾಂಟಸ್ ನೆಲದ ಮಟ್ಟದಲ್ಲೇ ಎರಡೂ ಕೈ ಮುಂದೆ ಚಾಚಿ ನಿಂತಿದ್ದಾಳೆ. ಬಂದವರೆಲ್ಲ ಆ ಕೈಗಳನ್ನು ಹಿಡಿದು ಹಿಡಿದು ಅಲ್ಲಿ ಕಂಚು ಚಿನ್ನದ ಹಾಗೆ ಹೊಳೆಯುತ್ತದೆ. ಮೊಮ್ಮಗಳೂ ಹಿಡಿದಳು. "ಅವಳು ಅವನನ್ನ ಸೇವ್ ಮಾಡಿದ್ದು ನಿಜವಾ?"

1607ರ ಡಿಸೆಂಬರಿನಲ್ಲಿ ಚಿಕಹಾಮಿನಿ ನದಿಯ ಮೇಲ್ಭಾಗದ ಕೆಸರಿನಲ್ಲಿ ಸ್ಮಿತ್ ಸಿಕ್ಕಿಬಿದ್ದ. ದಾರಿ ತೋರಿಸಲು ಬಂದ ಸ್ಥಳೀಯನನ್ನೇ ತನ್ನ ತೋಳಿಗೆ ಕಟ್ಟಿಕೊಂಡು ಬಾಣಗಳಿಗೆ ಗುರಾಣಿ ಮಾಡಿಕೊಂಡಿದ್ದ. ಸೆರೆ ಹಿಡಿದವನು ಒಪೆಚಾಂಕನೋ, ಮೂವತ್ತರಷ್ಟು ಬುಡಕಟ್ಟುಗಳ ಮೇಲೆ ಆಳುತ್ತಿದ್ದ ವಹುನ್ಸೆನಕಾನ ಬಂಧು. ಇಂಗ್ಲಿಷರು ಪೌಹಟನ್ ಎಂದು ಕರೆದದ್ದು ಈ ವಹುನ್ಸೆನಕಾನನ್ನೇ. ಕೊನೆಗೆ ಅವನ ರಾಜಧಾನಿ ವೆರೊವೊಕೊಮೊಕೊಗೆ ಸ್ಮಿತ್‌ನನ್ನು ಒಯ್ದರು. ಅಲ್ಲಿ ಕಲ್ಲಿನ ಮೇಲೆ ತನ್ನ ತಲೆಯಿಟ್ಟು ದೊಣ್ಣೆ ಎತ್ತಿದಾಗ ರಾಜನ ಮಗಳು ಪೋಕಾಹಾಂಟಸ್ ಓಡಿಬಂದು ತನ್ನ ತಲೆಯನ್ನು ಅಡ್ಡ ಇಟ್ಟಳು ಎಂಬ ಕತೆಯನ್ನು ಸ್ಮಿತ್ ವಿಸ್ತಾರವಾಗಿ ಬರೆದದ್ದು 1624ರಲ್ಲಿ. ಹುಡುಗಿ ಸತ್ತು ಆಗಲೇ ಏಳು ವರ್ಷ. ಘಟನೆಯ ಮರುವರ್ಷವೇ ಅಚ್ಚಾದ ಅವನ ಮೊದಲ ಪುಸ್ತಕದಲ್ಲಿ ಈ ಪ್ರಸಂಗವೇ ಇಲ್ಲ. ನಡೆದಿದ್ದರೂ ಅದು ಕೊಲ್ಲುವ ವಿಧಿಯಲ್ಲ, ಸತ್ತು ಹುಟ್ಟಿಸಿ ತಮ್ಮವನನ್ನಾಗಿ ಸ್ವೀಕರಿಸುವ ವಿಧಿ ಎಂದು ಹೇಳುವವರಿದ್ದಾರೆ. ನದಿಗಳಿಗೆಲ್ಲ ಶಿಲುಬೆ ಇಟ್ಟ ಮನುಷ್ಯ ತನ್ನ ಬಾಳಿನ ಕತೆಗೆ ಮಾತ್ರ ಒಂದೂ ಇಡಲಿಲ್ಲ. ಎಲ್ಲಿಯವರೆಗೆ ಕಂಡದ್ದು, ಎಲ್ಲಿಂದ ಮುಂದೆ ಹೆಣೆದದ್ದು ಎಂದು ಯಾರಿಗೂ ತಿಳಿಯದು. "ಗೊತ್ತಿಲ್ಲ ಮಗಾ, ಅವನೊಬ್ಬನೇ ಹೇಳಿದ್ದು" ಎಂದೆ. ಅವಳಿಗೆ ನಿರಾಸೆಯಾಯಿತು.

ಆದ್ದರಿಂದ ನಾನು ನಂಬುವ ಒಂದನ್ನು ಅವಳಿಗೆ ಹೇಳಿದೆ. ಸ್ಮಿತ್ ಇಲ್ಲಿನವರ ಮಾತು ಕಲಿತ, ಪದಗಳ ಒಂದು ಪಟ್ಟಿ ಮಾಡಿ 1612ರಲ್ಲಿ ಅಚ್ಚು ಹಾಕಿಸಿದ. ಪಟ್ಟಿಯ ಕೊನೆಗೆ ಬರುವ ವಾಕ್ಯದ ತಾತ್ಪರ್ಯ ಇಷ್ಟು: ಪೋಕಾಹಾಂಟಸ್‌ಗೆ ಎರಡು ಪುಟ್ಟ ಬುಟ್ಟಿ ತರಲು ಹೇಳಿ, ಸರ ಮಾಡಿಕೊಳ್ಳಲು ಅವಳಿಗೆ ಬಿಳಿ ಮಣಿ ಕೊಡುತ್ತೇನೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಇಂಗ್ಲಿಷರ ಕೋಟೆಗೆ ಬರುತ್ತಿದ್ದಳು, ಗಡ್ಡದ ಪರದೇಶಿಯೊಬ್ಬನಿಗೆ ಬುಟ್ಟಿ, ಮಣಿ, ಸರ ಎನ್ನುವುದನ್ನು ತನ್ನ ಭಾಷೆಯಲ್ಲಿ ಹೇಳಿಕೊಟ್ಟಿರಬಹುದು. ಆ ಭಾಷೆಯನ್ನು ಮಾತಾಡುವವರು ಮುಂದೆ ಇಲ್ಲವಾದರು. ಇವತ್ತು ಅದರ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಸ್ಮಿತ್ ಮತ್ತು ವಸಾಹತಿನ ಇನ್ನೊಬ್ಬ ಬರಹಗಾರ ವಿಲಿಯಂ ಸ್ಟ್ರೇಚಿ ಬರೆದಿಟ್ಟ ಪಟ್ಟಿಗಳಿಂದ. ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಬುಟ್ಟಿ" ಎಂದಳು, ಕನ್ನಡದಲ್ಲಿ.

ಸೆರೆಯ ದಿನಗಳ ಇನ್ನೊಂದು ಪ್ರಸಂಗ ಇದೆ. ದೊಣ್ಣೆಯ ಕತೆಯ ಗದ್ದಲದಲ್ಲಿ ಅದನ್ನು ಜನ ಮರೆತಿದ್ದಾರೆ. ವೆರೊವೊಕೊಮೊಕೊಗೆ ಒಯ್ಯುವ ಮೊದಲು ಪಮಂಕಿ ಜನರ ನೆಲೆಯಲ್ಲಿ ಒಂದು ಉದ್ದ ಮನೆಯೊಳಗೆ ಅವನನ್ನು ಚಾಪೆಯ ಮೇಲೆ ಕೂರಿಸಿ ನಡುವೆ ಬೆಂಕಿ ಹಾಕಿದರು. ಮೈಗೆಲ್ಲ ಮಸಿ ಎಣ್ಣೆ ಬಳಿದುಕೊಂಡ ಪೂಜಾರಿ, ತಲೆಯ ಮೇಲೆ ಹಾವಿನ ಚರ್ಮಗಳ ಕುಚ್ಚು, ಒಳಬಂದು ಬೆಂಕಿಯ ಸುತ್ತ ಗೋವಿನಜೋಳದ ಹಿಟ್ಟಿನಿಂದ ಒಂದು ವೃತ್ತ ಬರೆದ. ಆಮೇಲೆ ಇನ್ನೂ ಹಲವರು ಬಂದರು. ಹಾಡು, ಗಿಲಕಿ. ಹಿಟ್ಟಿನ ವೃತ್ತದಾಚೆ ಜೋಳದ ಕಾಳುಗಳನ್ನು ಎಣಿಸಿ ಎಣಿಸಿ ಇಟ್ಟು ಇನ್ನೊಂದು ಸುತ್ತು. ಅದರಾಚೆ ಸಣ್ಣ ಸಣ್ಣ ಕಡ್ಡಿಗಳು. ಮೂರು ದಿನ ಹೀಗೆ ನಡೆಯಿತು. ಹಗಲು ಉಪವಾಸ, ರಾತ್ರಿ ಊಟ. ಅರ್ಥವೇನೆಂದು ಅವರೇ ಅವನಿಗೆ ಹೇಳಿದರು: ಹಿಟ್ಟು ನಮ್ಮ ನಾಡು, ಕಾಳು ಕಡಲಿನ ಎಲ್ಲೆ, ಕಡ್ಡಿ ನಿನ್ನ ದೇಶ. ನೀನು ಒಳ್ಳೆಯದಕ್ಕೆ ಬಂದೆಯೋ ಕೆಟ್ಟದ್ದಕ್ಕೋ ತಿಳಿಯಲು ಇದು.

"ರಂಗೋಲಿ ಹಾಕಿದರಲ್ಲ!" ಎಂದಳು ಹೆಂಡತಿ.

ಹೌದು. ಅದು ನಕಾಶೆ. ಅವನು ತಾಮ್ರದಲ್ಲಿ ಇವರ ನಾಡನ್ನು ಕೊರೆಯಿಸುವುದಕ್ಕೆ ನಾಲ್ಕು ವರ್ಷ ಮೊದಲೇ ಇವರು ಅವನ ದೇಶವನ್ನು ತಮ್ಮ ನಕಾಶೆಯಲ್ಲಿ ಬರೆದಿದ್ದರು. ನಡುವೆ ಬೆಂಕಿ, ಸುತ್ತ ತಮ್ಮ ನೆಲ, ಅಂಚಿನಲ್ಲಿ ಇಂಗ್ಲೆಂಡ್. ಇಂಗ್ಲೆಂಡನ್ನು ಅವರು ನೋಡಿರಲಿಲ್ಲ. ಅದನ್ನು ಹಿಟ್ಟಿನಲ್ಲಿ ಬರೆಯಲಿಲ್ಲ, ಕಡ್ಡಿಯಲ್ಲಿ ಬರೆದರು. ನನ್ನ ಹರಿಕಂತ್ರರ ಹುಡುಗನ ಚುಕ್ಕಿಯ ಹಾಗೆ.

ಸೆರೆಸಿಕ್ಕ ದಿನವೇ ಸ್ಮಿತ್ ಒಪೆಚಾಂಕನೋನಿಗೆ ದಂತದ ದಿಕ್ಸೂಚಿಯೊಂದನ್ನು ಕೊಟ್ಟಿದ್ದ. ಮುಳ್ಳು ಅಲ್ಲಾಡುವುದು ಕಾಣುತ್ತದೆ, ನಡುವೆ ಗಾಜಿರುವುದರಿಂದ ಮುಟ್ಟಲು ಬರುವುದಿಲ್ಲ. ಅವರಿಗೆ ಅದೇ ಸೋಜಿಗ. ಅವನ ಹತ್ತಿರವಿದ್ದ ಮದ್ದಿನ ಪುಡಿಯ ಚೀಲವನ್ನೂ ಅವರು ಜೋಪಾನವಾಗಿ ಎತ್ತಿಟ್ಟರು. ವಸಂತ ಬಂದ ಮೇಲೆ ಬಿತ್ತಿ, ಇದು ಯಾವ ಜಾತಿಯ ಬೀಜವೋ ನೋಡುವ ಎಂದು.

ಸ್ಮಿತ್‌ನನ್ನು ಬಿಟ್ಟರು. ಮುಂದಿನ ಕತೆ ಜೋಳದ್ದು. 1608ರ ಸೆಪ್ಟೆಂಬರಿನಲ್ಲಿ ಅವನು ವಸಾಹತಿನ ಅಧ್ಯಕ್ಷನಾದ. ದುಡಿಯದವನಿಗೆ ಊಟವಿಲ್ಲ ಎಂಬ ನಿಯಮವನ್ನು ಕುಲೀನರಿಗೂ ಹಾಕಿದ. ಕೋಟೆಯೊಳಗೆ ಸಿಹಿನೀರಿನ ಬಾವಿ ತೋಡಿಸಿದ. ಹಸಿದವರನ್ನು ಗುಂಪು ಮಾಡಿ ಸಿಂಪಿ ಹೆಕ್ಕಲು ಹೊಳೆಯ ಬಾಯಿಗೆ ಕಳಿಸಿದ. ಅವನ ಕಾಲದಲ್ಲಿ ಜನ ಬದುಕಿದರು ಎಂಬುದು ನಿಜ. ಹೇಗೆ ಬದುಕಿದರು ಎಂಬುದೂ ನಿಜ. ಬರದ ವರ್ಷದಲ್ಲಿ ಇನ್ನೊಬ್ಬರ ಕಣಜದಿಂದ. ಮಣಿ, ತಾಮ್ರ ಕೊಟ್ಟರೆ ಸಿಗುವಷ್ಟು ಕಾಲ ಕೊಟ್ಟು ತಂದ, ಸಿಗದಾಗ ಬಂದೂಕು ತೋರಿಸಿ ತಂದ. 1609ರ ಜನವರಿಯಲ್ಲಿ, ತನಗೆ ಒಂದು ಕಾಲದಲ್ಲಿ ಪ್ರಾಣಭಿಕ್ಷೆ ಕೊಟ್ಟ ಒಪೆಚಾಂಕನೋನ ಜುಟ್ಟು ಹಿಡಿದು ಎದೆಗೆ ಪಿಸ್ತೂಲು ಇಟ್ಟು ಅವನ ಜನರ ಎದುರಿಗೇ ಎಳೆದುತಂದ. ಇದನ್ನು ಸ್ಮಿತ್ ಹೆಮ್ಮೆಯಿಂದ ಬರೆದಿದ್ದಾನೆ. ನನಗೆ ಅವನ ಪುಸ್ತಕವನ್ನು ಅಲ್ಲಿ ಮಡಚಿಡಬೇಕೆನಿಸಿತ್ತು. ಪ್ರೀತಿಯಿಂದ ಸಿಗುವುದನ್ನು ಬಲದಿಂದ ಏಕೆ ಕಸಿಯುತ್ತೀರಿ ಎಂದು ಮುದಿ ರಾಜ ಪೌಹಟನ್ ಕೇಳಿದ ಮಾತನ್ನು ನಮಗೆ ಉಳಿಸಿಕೊಟ್ಟವನೂ ಅದೇ ಸ್ಮಿತ್. ಅದನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ.

ಮದ್ದಿನ ಪುಡಿಯೇ ಕೊನೆಗೆ ಅವನನ್ನು ಇಲ್ಲಿಂದ ಕಳಿಸಿತು. ದೋಣಿಯಲ್ಲಿ ಮಲಗಿದ್ದಾಗ ಸೊಂಟದ ಹತ್ತಿರವಿದ್ದ ಚೀಲಕ್ಕೆ ಕಿಡಿ ತಾಗಿತು. ತೊಡೆಯಿಂದ ಮೇಲಕ್ಕೆ ಚರ್ಮ ಮಾಂಸ ಸುಟ್ಟುಹೋಯಿತು. ಉರಿ ತಡೆಯಲಾರದೆ ನದಿಗೆ ಹಾರಿದ. ಆ ಅಕ್ಟೋಬರಿನ ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. ಹಿಂದೆಯೇ ಬಂದ ಚಳಿಗಾಲದಲ್ಲಿ ಕೋಟೆಗೆ ಮುತ್ತಿಗೆ ಬಿತ್ತು. ಕುದುರೆ, ನಾಯಿ, ಇಲಿ, ಚಪ್ಪಲಿಯ ತೊಗಲು ತಿಂದರು. ವಸಂತಕ್ಕೆ ಉಳಿದವರು ಅರವತ್ತರಷ್ಟು ಜನ. ಇಲ್ಲಿನ ವಸ್ತುಸಂಗ್ರಹಾಲಯದ ಒಂದು ಕತ್ತಲೆ ಕೋಣೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯ ತಲೆಬುರುಡೆ ಇದೆ. ಸತ್ತ ಮೇಲೆ ಅವಳನ್ನು ಕಡಿದು ತಿಂದ ಗುರುತುಗಳು ಎಲುಬಿನ ಮೇಲಿವೆ ಎಂದು 2013ರಲ್ಲಿ ವಿಜ್ಞಾನಿಗಳು ಹೇಳಿದರು. ಹೆಸರು ಗೊತ್ತಿಲ್ಲದ ಅವಳಿಗೆ ಜೇನ್ ಎಂದು ಹೆಸರಿಟ್ಟಿದ್ದಾರೆ. ಸೊಸೆ ಮೊಮ್ಮಗಳನ್ನು ಆ ಕೋಣೆಗೆ ಬಿಡಲಿಲ್ಲ. ನಾನು ಒಬ್ಬನೇ ಹೋಗಿ ಕೈಮುಗಿದು ಬಂದೆ.

ಇಲ್ಲಿ ನಿಂತರೆ ನಮ್ಮ ದೇಶ ಅಷ್ಟು ದೂರವೇನಲ್ಲ. ವರ್ಜೀನಿಯಾ ಕಂಪನಿಯ ಖಜಾಂಚಿ ಸರ್ ಥಾಮಸ್ ಸ್ಮಿತ್, ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರನೂ ಅವನೇ. ಹೆಸರು ಒಂದೇ ಆದರೂ ಕ್ಯಾಪ್ಟನ್‌ಗೆ ಸಂಬಂಧಿಯಲ್ಲ. ಆ ಮೂರು ಹಡಗುಗಳನ್ನು ಇಲ್ಲಿಗೆ ನಡೆಸಿ ತಂದ ಕ್ರಿಸ್ಟಫರ್ ನ್ಯೂಪೋರ್ಟ್ 1615ರಲ್ಲಿ ಮೊಗಲರ ಆಸ್ಥಾನಕ್ಕೆ ಹೊರಟ ರಾಯಭಾರಿ ಸರ್ ಥಾಮಸ್ ರೋನನ್ನು ಸೂರತ್ತಿಗೆ ಕರೆತಂದ. ಜೇಮ್ಸ್‌ಟೌನನ್ನು ಬಿಗಿಮುಷ್ಟಿಯಿಂದ ಆಳಿದ ಸರ್ ಥಾಮಸ್ ಡೇಲ್ 1619ರಲ್ಲಿ ಸತ್ತದ್ದು ಮಚಲೀಪಟ್ಟಣದಲ್ಲಿ. ನಮ್ಮ ಕಾಳಿ ನದಿಯ ದಂಡೆಯ ಕಾರವಾರಕ್ಕೆ ಮೆಣಸಿನ ಆಸೆಯಿಂದ ಇಂಗ್ಲಿಷರು 1638ರಲ್ಲಿ ಬಂದು ಕೋಠಿ ತೆರೆದರು. ಇಲ್ಲಿ ಸವುಳು ಹೊಳೆಯ ಬಾಯಿ, ಅಲ್ಲೂ ಸವುಳು ಹೊಳೆಯ ಬಾಯಿ. ವರ್ಜೀನಿಯಾವನ್ನು ಉಳಿಸಿದ್ದು ಪೋಕಾಹಾಂಟಸ್‌ಳ ಗಂಡ ಜಾನ್ ರಾಲ್ಫ್ ಬೆಳೆಸಿದ ಹೊಗೆಸೊಪ್ಪು. ಆದರೆ ಅದಕ್ಕೂ ಮೊದಲೇ, 1604ರ ಸುಮಾರಿಗೆ, ಆದಿಲಶಾಹಿಗಳ ವಿಜಯಪುರದಲ್ಲಿ ಹೊಗೆಸೊಪ್ಪು ಕಂಡು ಅಸದ್ ಬೇಗ್ ಎಂಬ ರಾಯಭಾರಿ ಅದನ್ನು ಅಕ್ಬರನ ಮುಂದೆ ಒಯ್ದು ಇಟ್ಟಿದ್ದ. 1635ರ ಒಂದು ಭೂದಾಖಲೆಯಲ್ಲಿ ಜೇಮ್ಸ್‌ಟೌನಿನ ವ್ಯಾಪಾರಿ ಜಾರ್ಜ್ ಮೆನೆಫಿ ತಾನು ಕರೆತಂದವರ ಪಟ್ಟಿ ಕೊಟ್ಟಿದ್ದಾನೆ. ತಲೆಗೆ ಐವತ್ತು ಎಕರೆ ಸಿಗುತ್ತಿತ್ತು. ಆ ಪಟ್ಟಿಯಲ್ಲಿ ಒಂದು ಹೆಸರು: ಟೋನಿ, ಈಸ್ಟ್ ಇಂಡಿಯನ್. ನಮ್ಮ ಕಡಲ ಯಾವ ದಂಡೆಯವನೋ. ಅವನ ನಿಜವಾದ ಹೆಸರನ್ನು ಕೇಳಿ ಬರೆದಿಟ್ಟಿದ್ದರೆ ಎಷ್ಟು ಚೆನ್ನಿತ್ತು ಎಂದು ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ.

ಸ್ಮಿತ್ 1614ರಲ್ಲಿ ಉತ್ತರದ ಕರಾವಳಿಗೆ ಹೋಗಿ ಅದರ ನಕಾಶೆಯನ್ನೂ ಮಾಡಿದ. ನ್ಯೂ ಇಂಗ್ಲೆಂಡ್ ಎಂಬ ಹೆಸರು ಕೊಟ್ಟವನು ಅವನೇ. ಅಲ್ಲಿನ ಒಂದು ಭೂಶಿರಕ್ಕೆ ಟ್ರಾಗಬಿಗ್‌ಜಾಂಡಾ ಎಂದು ಹೆಸರಿಟ್ಟ. ತುರ್ಕರ ದೇಶದಲ್ಲಿ ಗುಲಾಮನಾಗಿದ್ದಾಗ ತನಗೆ ಕರುಣೆ ತೋರಿದ ಹೆಂಗಸಿನ ಹೆಸರದು. ರಾಜಕುಮಾರ ಚಾರ್ಲ್ಸ್ ಅದನ್ನು ಅಳಿಸಿ ತನ್ನ ತಾಯಿಯ ಹೆಸರಿಟ್ಟ, ಅದು ಕೇಪ್ ಆ್ಯನ್ ಆಯಿತು. ಅಲ್ಲಿಗೆ ಮತ್ತೆ ಹೋಗಲು ಅವನು ಮಾಡಿದ ಪ್ರಯತ್ನಗಳು ಕೈಗೂಡಲಿಲ್ಲ. ಮದುವೆಯಾಗಲಿಲ್ಲ. ಉಳಿದ ಕಾಲವೆಲ್ಲ ಬರೆಯುತ್ತ ಕುಳಿತ. 1631ರ ಜೂನ್ 21ರಂದು ಲಂಡನ್ನಿನಲ್ಲಿ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೂ ಬಹಳ ಮೊದಲು, ಪೋಕಾಹಾಂಟಸ್ 1616ರಲ್ಲಿ ಗಂಡನ ಜೊತೆ ಲಂಡನ್ನಿಗೆ ಬಂದಿದ್ದಾಗ ಅವನು ಅವಳನ್ನು ನೋಡಲು ಹೋಗಿದ್ದ. ಅವಳು ಮುಖ ತಿರುಗಿಸಿ ಎರಡು ಮೂರು ತಾಸು ಮಾತೇ ಆಡಲಿಲ್ಲ. ಆಮೇಲೆ ಮಾತಾಡಿದಳು. ನೀನು ಸತ್ತೆ ಎಂದೇ ನಮಗೆ ಹೇಳಿದ್ದರು, ನಿನ್ನ ಜನ ತುಂಬ ಸುಳ್ಳು ಹೇಳುತ್ತಾರೆ ಎಂಬ ಅರ್ಥದ ಮಾತು. ಮರುವರ್ಷ ಗ್ರೇವ್ಸೆಂಡಿನಲ್ಲಿ ಸತ್ತಳು, ಸುಮಾರು ಇಪ್ಪತ್ತೊಂದು ವರ್ಷ.

ಹಿಂತಿರುಗುವಾಗ ಸುತ್ತು ಹಾದಿಯಾದರೂ ಪಮಂಕಿ ನದಿಯ ಕಡೆ ಹೋಗೋಣ ಎಂದೆ. ಕಿಂಗ್ ವಿಲಿಯಂ ಕೌಂಟಿಯಲ್ಲಿ ನದಿಯ ಒಂದು ಬಾಗಿನಲ್ಲಿ ಪಮಂಕಿ ಜನ ಇವತ್ತಿಗೂ ಇದ್ದಾರೆ. 1918ರಿಂದ ಶ್ಯಾಡ್ ಮೀನಿನ ಮೊಟ್ಟೆ ಮರಿ ಮಾಡಿಸಿ ನದಿಗೆ ಬಿಡುತ್ತ ಬಂದಿದ್ದಾರೆ. ನದಿಯ ಜೇಡಿಯಿಂದ ಮಡಕೆ ಮಾಡುತ್ತಾರೆ. ವಹುನ್ಸೆನಕಾನ ಎಲುಬುಗಳು ಅಲ್ಲಿನ ಒಂದು ದಿಬ್ಬದಲ್ಲಿವೆ ಎಂಬುದು ನಂಬಿಕೆ, ಹತ್ತಿರದಲ್ಲೇ ರೈಲು ಹಳಿ. 1677ರ ಒಪ್ಪಂದದ ಪ್ರಕಾರ ವರ್ಷಕ್ಕೊಮ್ಮೆ ರಿಚ್ಮಂಡಿಗೆ ಹೋಗಿ ಗವರ್ನರನಿಗೆ ಬೇಟೆಯ ಜಿಂಕೆ ಒಪ್ಪಿಸಿ ಬರುತ್ತಾರೆ. ಅಮೆರಿಕ ಸರ್ಕಾರ ಮಾತ್ರ ಇವರನ್ನು ಒಂದು ಬುಡಕಟ್ಟೆಂದು ಒಪ್ಪಿದ್ದು 2015ರಲ್ಲಿ ಪ್ರಕಟವಾದ ತೀರ್ಮಾನದಿಂದ. ಸ್ಮಿತ್ ತನ್ನ ನಕಾಶೆಯಲ್ಲಿ ಅವರ ಹೆಸರು ಬರೆದು ನಾನೂರ ಮೂರು ವರ್ಷವಾಗಿತ್ತು.

ಸಂಜೆಯಾಗಿತ್ತು. ಎರಡೂ ಕಡೆ ಎದೆಮಟ್ಟದ ಹುಲ್ಲಿನ ಜೌಗು. ನದಿ ಅಂಕುಡೊಂಕಾಗಿ ಅದರೊಳಗೆ ನುಸುಳಿ ಬರುತ್ತಿತ್ತು. ಮಗ ರಸ್ತೆ ಬದಿಗೆ ಕಾರು ನಿಲ್ಲಿಸಿದ. ಹೆಂಡತಿ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದವಳು ಇಳಿಯುತ್ತಲೇ ಕೇಳಿದಳು:

"ಅಲ್ಲಾ, ಮೂರು ದಿನ ಆದಮೇಲೆ ಆ ಹಿಟ್ಟು ಏನು ಮಾಡಿದರಂತೆ? ಗುಡಿಸಿದರೋ, ಹಾಗೇ ಬಿಟ್ಟರೋ?"

"ಅದನ್ನ ಅವನು ಬರೆದಿಲ್ಲ."

"ಬರಗಾಲ ಅಂದ್ರಲ್ಲ ನೀವು."

"ಹೌದು. ಬರದ ಎರಡನೇ ವರ್ಷ."

"ಬೆಂಕಿಯ ಸುತ್ತ ವೃತ್ತ ಅಂದ್ರೆ ಕಡಿಮೆ ಎಂದರೂ ನಾಲ್ಕು ಸೇರು ಹಿಟ್ಟು ಬೇಕು. ಒರಳಲ್ಲಿ ಕುಟ್ಟೋದಕ್ಕೆ ಒಬ್ಬಳಿಗೆ ಅರ್ಧ ದಿನ. ಮನೇಲಿ ಮಕ್ಕಳು ಹಸಿದಿರ್ತಾವೆ." ಅವಳು ನದಿಯ ಕಡೆ ನೋಡಿದಳು. "ಅಷ್ಟು ಹಿಟ್ಟು ನೆಲಕ್ಕೆ ಹಾಕಿದರು, ಒಬ್ಬ ಪರದೇಶಿ ಎಂಥವನು ಅಂತ ತಿಳ್ಕೊಳ್ಳೋಕೆ."

ಉಬ್ಬರ ಏರುತ್ತಿತ್ತು. ಹುಲ್ಲಿನ ಕಡ್ಡಿಗಳು ಕಡಲಿನ ಕಡೆಯಿಂದ ಮೇಲಕ್ಕೆ ತೇಲಿಬರುತ್ತಿದ್ದವು. ನಾನು ದಂಡೆಗಿಳಿದು ಬಗ್ಗಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಈ ಸಲ ಅವಳು ಬೇಡವೆನ್ನಲಿಲ್ಲ.

"ಹೇಗಿದೆ?"

"ಸಿಹಿ."